ಬಸಿದ ನೀರು ಸಾರಿಗೆ, ಬೆಂದ ಸೊಪ್ಪು ಪಲ್ಯಕ್ಕೆ

(ಚಿಂತಾಮಣಿಯಲ್ಲಿ ಪ್ರೌಢಶಾಲಾ ಮಕ್ಕಳ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ಸೊಪ್ಪಿನ ಮಹತ್ವ’ ಎಂದು ಹೆಸರಿಟ್ಟಿದ್ದಾರೆ. ಸಂಘಟಕರು ಬೇಸರಪಟ್ಟುಕೊಳ್ಳಬಾರದು, ಮಹತ್ವದ ವಿಚಾರವನ್ನು ನಾನು ಹೆಚ್ಚು ಎತ್ತುವುದಿಲ್ಲ. ಸೊಪ್ಪು ಒಳ್ಳೆಯದು ಎಂದು ಗೊತ್ತಿಲ್ಲದವರು ಈ ಸಭೆಯಲ್ಲಿ ಯಾರೂ ಇಲ್ಲ. ಡಾಕ್ಟರು ಹೇಳಿದ್ದಾರೆ, ಅಂಗನವಾಡಿ ಕಾರ್ಯಕರ್ತೆ ಹೇಳಿದ್ದಾರೆ, ಅತ್ತೆ ಹೇಳಿದ್ದಾರೆ, ಬೆಳಗಾಗೆದ್ದು ಮೊಬೈಲ್ ನೋಡಿದರೆ ಅದೂ ಹೇಳುತ್ತದೆ. ಇಷ್ಟು ಜನ ಹೇಳಿದ ಮೇಲೂ ‘ಈ ವಾರ ನಿಮ್ಮ ಮನೆಯಲ್ಲಿ ಎಷ್ಟು ಸಲ ಸೊಪ್ಪು ಬೆಂದಿತು?’ ಎಂದು ಕೇಳಿದರೆ ಪಕ್ಕದವರ ಮುಖ ನೋಡುತ್ತೀರಿ. ಈಗಲೂ ನೋಡುತ್ತಿದ್ದೀರಿ. ಗೊತ್ತಿದ್ದೂ ಏಕೆ ಮಾಡುವುದಿಲ್ಲ ಎಂಬುದಷ್ಟೇ ನನ್ನ ಇವತ್ತಿನ ವಿಷಯ.

ನನಗೆ ಕಾಣುವುದು ಎರಡು ಕಾರಣ. ಸೊಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಒಂದು. ಅದನ್ನು ಸೋಸುವವರು ಯಾರು ಎಂಬುದು ಇನ್ನೊಂದು. ಮೊದಲನೆಯದು ಅಡುಗೆಯ ಸಮಸ್ಯೆ, ಅದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಪರಿಹಾರವಿದೆ. ಎರಡನೆಯದು ಮನೆಯ ಗಂಡಸರ ಸಮಸ್ಯೆ. ಅದಕ್ಕೂ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕುಳಿತಿರುವವರು ಈಗಲೇ ಎದ್ದು ಹೋಗಬೇಡಿ.

ನಾನು ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಸೊಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರ ಮಾತು ಸುಳ್ಳಲ್ಲ. ದಂಟು, ಪಾಲಕ್ ಮುಂತಾದ ಸೊಪ್ಪುಗಳಲ್ಲಿ ನೂರಕ್ಕೆ ಎಂಬತ್ತು-ತೊಂಬತ್ತು ಪಾಲು ನೀರೇ ಇರುತ್ತದೆ. ನೂರು ಗ್ರಾಂ ಪಾಲಕ್ ತಿಂದರೆ ದೊರೆಯುವ ಶಕ್ತಿ 25 ಕ್ಯಾಲೊರಿಯ ಆಸುಪಾಸು. ಹೊಲದಲ್ಲಿ ಕಳೆ ತೆಗೆದು ಬಂದವರಿಗೆ, ಆಟವಾಡಿ ಬಂದ ಹುಡುಗರಿಗೆ ಅದು ಎಲ್ಲಿಗೂ ಸಾಲದು. ಅನ್ನದ ಪಕ್ಕದಲ್ಲಿ ಒಂದು ಚಮಚ ಸೊಪ್ಪಿನ ಪಲ್ಯ ಬಡಿಸಿ ‘ತಿನ್ನು, ಒಳ್ಳೆಯದು’ ಎಂದು ಮಗುವನ್ನು ಗದರಿಸಿದರೆ, ಮಗು ಅದನ್ನು ತಟ್ಟೆಯ ಅಂಚಿಗೆ ತಳ್ಳುವುದರಲ್ಲಿ ತಪ್ಪೇನಿದೆ? ಔಷಧಿಯ ಹಾಗೆ ಕೊಟ್ಟದ್ದನ್ನು ಔಷಧಿಯ ಹಾಗೆಯೇ ತಳ್ಳುತ್ತದೆ.

ನಮ್ಮ ಹಿರಿಯರು ಸೊಪ್ಪನ್ನು ಒಂಟಿಯಾಗಿ ಬೇಯಿಸಿದ್ದೇ ಕಡಿಮೆ. ಸೊಪ್ಪಿನ ಜೊತೆಗೆ ಕಾಳು ಅಥವಾ ಬೇಳೆ, ಒಂದಿಷ್ಟು ಹುಳಿ, ಬೆಳ್ಳುಳ್ಳಿಯ ಖಾರ, ಪಕ್ಕದಲ್ಲಿ ಬಿಸಿ ಹಿಟ್ಟು, ಅಂದರೆ ರಾಗಿಮುದ್ದೆ. ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು ಎಲ್ಲದರ ಹೂರಣ ಇದೇ. ಇವುಗಳಲ್ಲಿ ಒಂದನ್ನು ಮಾತ್ರ ಇವತ್ತು ಪೂರ್ತಿ ಬಿಚ್ಚಿ ಹೇಳುತ್ತೇನೆ, ಹುರುಳಿಕಾಳು ಹಾಕಿದ ದಂಟಿನ ಸೊಪ್ಪಿನ ಬಸ್ಸಾರು. ನಿಮಗೆ ಬಾರದ್ದೇನಲ್ಲ. ಆದರೆ ಒಂದೊಂದು ಹೆಜ್ಜೆಗೂ ಕಾರಣ ಇದೆ, ಆ ಕಾರಣ ತಿಳಿದರೆ ಯಾವ ಸೊಪ್ಪಿಗೂ ಯಾವ ಕಾಳಿಗೂ ಅದನ್ನು ಒಗ್ಗಿಸಬಹುದು.

ನಾಲ್ಕು ಜನರ ಮನೆ ಎಂದುಕೊಳ್ಳಿ. ಹುರುಳಿಕಾಳು 200 ಗ್ರಾಂ, ಹಿಂದಿನ ರಾತ್ರಿಯೇ ನೆನೆಹಾಕಿ. ನೆನೆದ ಕಾಳು ಬೇಗ ಬೇಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ಲಾಭವೂ ಇದೆ. ಕಾಳಿನೊಳಗೆ ಫೈಟೇಟ್ ಎಂಬ ಪದಾರ್ಥವಿದೆ, ಅದು ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟುಕೊಂಡು ನಮ್ಮ ಕರುಳಿಗೆ ಬಿಟ್ಟುಕೊಡುವುದಿಲ್ಲ. ನೆನೆಸಿದರೆ ಅದರ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಇನ್ನೂ ಸಡಿಲವಾಗುತ್ತದೆ. ಸೋಸಿದ ಸೊಪ್ಪು ಅರ್ಧ ಕಿಲೋದಷ್ಟು ಬೇಕು. ಪಾತ್ರೆಯ ಮೇಲೆ ಗುಡ್ಡೆಯಾಗಿ ಕಾಣುವಷ್ಟು. ‘ಇಷ್ಟೊಂದೇ?’ ಎಂದು ಗಾಬರಿಯಾಗಬೇಡಿ, ಐದೇ ನಿಮಿಷದಲ್ಲಿ ಅದು ತಳಕ್ಕೆ ಇಳಿಯುತ್ತದೆ.

ಕಾಳನ್ನು ಕುಕ್ಕರಿನಲ್ಲಿ ಧಾರಾಳವಾಗಿ ನೀರು ಹಾಕಿ ಬೇಯಿಸಿ. ಕಾಳು ಬೆರಳಿನಲ್ಲಿ ಹಿಸುಕಿದರೆ ಮೆದುವಾಗಬೇಕು, ತಾನಾಗಿ ಒಡೆದು ಹಿಟ್ಟಾಗಬಾರದು. ಕುಕ್ಕರ್ ತಣಿದ ಮೇಲೆ ಮುಚ್ಚಳ ತೆಗೆದು, ಮತ್ತೆ ಕುದಿಯಲು ಬಿಟ್ಟು, ಆಗ ಹೆಚ್ಚಿದ ಸೊಪ್ಪು ಹಾಕಿ. ಮುಚ್ಚಳ ಮುಚ್ಚಬೇಡಿ. ಬೇಯುವಾಗ ಸೊಪ್ಪಿನಿಂದ ಸಣ್ಣ ಪ್ರಮಾಣದಲ್ಲಿ ಆಮ್ಲಗಳು ಹೊರಬರುತ್ತವೆ. ಮುಚ್ಚಿದರೆ ಅವು ಆವಿಯ ಜೊತೆ ಹೊರಗೆ ಹೋಗಲಾರದೆ ಮರಳಿ ಪಾತ್ರೆಗೇ ಬೀಳುತ್ತವೆ. ಎಲೆಯ ಹಸಿರು ಬಣ್ಣಕ್ಕೆ ಕಾರಣ ಪತ್ರಹರಿತ್ತು. ಅದರ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿದೆ. ಆಮ್ಲ ಸೋಕಿದರೆ ಆ ಮೆಗ್ನೀಸಿಯಂ ಜಾಗ ಬಿಡುತ್ತದೆ, ಸೊಪ್ಪು ಕಂದು ಹಸಿರಾಗುತ್ತದೆ. ಮಕ್ಕಳು ಮೂಗು ಮುರಿಯುವ ಆ ಮಂಕು ಬಣ್ಣದ ಹಿಂದಿನ ಕಥೆ ಇಷ್ಟೇ. ಕೆಲವರು ಬಣ್ಣ ಉಳಿಯಲಿ ಎಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಬಣ್ಣವೇನೋ ಉಳಿಯುತ್ತದೆ, ಆದರೆ ಸಿ ಜೀವಸತ್ವವೂ ಥಯಾಮಿನ್ ಎಂಬ ಬಿ 1 ಜೀವಸತ್ವವೂ ಹಾಳಾಗುತ್ತವೆ, ಸೊಪ್ಪು ಲೋಳೆಯಾಗುತ್ತದೆ. ಬೇಡ.

ಆರೇಳು ನಿಮಿಷ ಸಾಕು. ದಂಟಿನ ಕಡ್ಡಿಗಳನ್ನು ಹಾಕುವುದಿದ್ದರೆ ಅವನ್ನು ಎಲೆಗಿಂತ ಮೊದಲೇ ಹಾಕಿ. ಈಗ ಬಸಿಯಿರಿ. ಕೆಳಗೆ ಬಿದ್ದ ನೀರಿದೆಯಲ್ಲ, ನನ್ನ ಮಾತಿನ ಜೀವಾಳ ಅದೇ. ಎಲೆಯನ್ನು ನೀರಿನಲ್ಲಿ ಬೇಯಿಸಿದಾಗ ಫೋಲೇಟ್ ಎಂಬ ಬಿ ಜೀವಸತ್ವ, ಪೊಟ್ಯಾಸಿಯಂ, ಸಿ ಜೀವಸತ್ವದಲ್ಲಿ ಶಾಖಕ್ಕೆ ನಾಶವಾಗದೆ ಉಳಿದ ಪಾಲು, ಎಲ್ಲವೂ ನೀರಿಗೆ ಇಳಿಯುತ್ತವೆ. ಕಾಳಿನ ರಸವೂ ಅದರಲ್ಲೇ ಇದೆ. ಎಷ್ಟೋ ಕಡೆ ಸೊಪ್ಪು ಬೇಯಿಸಿದ ನೀರನ್ನು ಬಚ್ಚಲಿಗೆ ಚೆಲ್ಲುತ್ತಾರೆ. ನಮ್ಮ ಕಡೆ ಅದೇ ಸಾರಾಗುತ್ತದೆ. ಒಂದೇ ಒಲೆಯ ಮೇಲೆ, ಒಂದೇ ಪಾತ್ರೆಯಲ್ಲಿ, ಎರಡು ಅಡುಗೆ.

ಖಾರಕ್ಕೆ ಒಂದು ಈರುಳ್ಳಿ, ಎಂಟು-ಹತ್ತು ಎಸಳು ಬೆಳ್ಳುಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಅಂಚು ಕಪ್ಪಾಗುವವರೆಗೆ ಬಾಡಿಸಿ. ಒಣಮೆಣಸಿನಕಾಯಿ ನಿಮ್ಮ ನಾಲಿಗೆಗೆ ತಕ್ಕಷ್ಟು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು. ಕಾಯಿತುರಿ ಒಂದು ಹಿಡಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಇವುಗಳ ಜೊತೆಗೆ ಬೆಂದ ಕಾಳು-ಸೊಪ್ಪಿನಿಂದ ಒಂದು ಸೌಟು ತೆಗೆದು ಸೇರಿಸಿ ನುಣ್ಣಗೆ ರುಬ್ಬಿ. ಈ ಕೊನೆಯ ಮಾತನ್ನು ಮರೆತರೆ ಸಾರು ತಿಳಿಯಾಗಿ ತಟ್ಟೆಯ ತುಂಬ ಓಡಾಡುತ್ತದೆ, ಮುದ್ದೆಗೆ ಅಂಟುವುದಿಲ್ಲ. ರುಬ್ಬಿದ್ದನ್ನು ಬಸಿದ ನೀರಿಗೆ ಬೆರೆಸಿ, ಉಪ್ಪು ಹಾಕಿ, ಚೆನ್ನಾಗಿ ಕುದಿಸಿ, ಸಾಸಿವೆ-ಕರಿಬೇವು-ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ.

ಉಳಿದ ಸೊಪ್ಪು-ಕಾಳು ಪಲ್ಯಕ್ಕೆ. ಸಾಸಿವೆ, ಮುರಿದ ಒಣಮೆಣಸಿನಕಾಯಿ, ಈರುಳ್ಳಿ ಬಾಡಿದ ಮೇಲೆ ಸೊಪ್ಪನ್ನು ಹಿಂಡಿ ಹಾಕಿ, ಉಪ್ಪು, ಕಾಯಿತುರಿ. ಎರಡು ನಿಮಿಷದಲ್ಲಿ ಇಳಿಸಿ. ಗಮನಿಸಿ, ಹುಣಸೆಹಣ್ಣು ಸಾರಿಗೆ ಮಾತ್ರ ಹೋಯಿತು, ಪಲ್ಯಕ್ಕೆ ಹೋಗಲಿಲ್ಲ. ಅದಕ್ಕೇ ಬಸ್ಸಾರಿನ ಪಲ್ಯ ಹಸಿರಾಗಿ ಉಳಿಯುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಅದರ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ರುಚಿಗೆ ಮಾತ್ರವಲ್ಲ, ಸೊಪ್ಪು-ಕಾಳುಗಳ ಕಬ್ಬಿಣ ನಮ್ಮ ಮೈಗೆ ಸುಲಭವಾಗಿ ಹತ್ತುವುದಿಲ್ಲ, ಹಸಿ ನಿಂಬೆರಸದ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಒಲೆಯ ಮೇಲೆಯೇ ಹಿಂಡಿ ಕುದಿಸಿದರೆ ಆ ಜೀವಸತ್ವ ಹೋಗುತ್ತದೆ, ಹುಳಿ ಮಾತ್ರ ಉಳಿಯುತ್ತದೆ. ಒಗ್ಗರಣೆಯ ಎಣ್ಣೆಗೂ ಕೆಲಸವಿದೆ. ಎಲೆಯಲ್ಲಿರುವ ಬೀಟಾ ಕ್ಯಾರೊಟಿನ್ ನಮ್ಮೊಳಗೆ ಎ ಜೀವಸತ್ವವಾಗುವುದು, ಅದು ಮೈಗೆ ಸೇರಲು ಜಿಡ್ಡು ಬೇಕು. ಎಣ್ಣೆಯಿಲ್ಲದ ಅಡುಗೆ ಎಂದು ಹೆಮ್ಮೆಪಡುವವರು ಇದೊಂದನ್ನು ಯೋಚಿಸಬೇಕು.

ಈಗ ಲೆಕ್ಕಕ್ಕೆ ಮರಳೋಣ. 200 ಗ್ರಾಂ ಹುರುಳಿಯನ್ನು ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ 50 ಗ್ರಾಂ, ಅದರಲ್ಲಿ ಪ್ರೋಟೀನು ಸುಮಾರು 11 ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 7 ಗ್ರಾಂ. ಸೊಪ್ಪಿನದೂ ಮೂರು-ನಾಲ್ಕು ಗ್ರಾಂ ಸೇರಿದರೆ ಒಂದೇ ಊಟದಲ್ಲಿ 20 ಗ್ರಾಂ ದಾಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ 55 ಕಿಲೋ ತೂಕದ ಹೆಣ್ಣುಮಗಳಿಗೆ ದಿನಕ್ಕೆ ಬೇಕಾದದ್ದು ಸುಮಾರು 46 ಗ್ರಾಂ. ಅಂದರೆ ಒಂದು ಹೊತ್ತಿನ ಬಸ್ಸಾರು-ಮುದ್ದೆ ದಿನದ ಅರ್ಧಕ್ಕೆ ಹತ್ತಿರ ಬಂತು. ಮಾಂಸವಿಲ್ಲ, ಪನೀರ್ ಇಲ್ಲ, ಡಬ್ಬಿಯಲ್ಲಿ ಮಾರುವ ಪುಡಿಯಂತೂ ಮೊದಲೇ ಇಲ್ಲ. ಹೊಟ್ಟೆಯೂ ತುಂಬಿತು, ಮಧ್ಯಾಹ್ನ ಉಂಡವರು ಸಂಜೆಯವರೆಗೆ ಬಿಸ್ಕತ್ತಿಗೆ ಕೈ ಹಾಕುವುದಿಲ್ಲ.

ಕಬ್ಬಿಣದ ವಿಚಾರ ಸ್ವಲ್ಪ ಗಂಭೀರವಾದದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಈ ಸಭೆಯಲ್ಲಿ ಕುಳಿತ ಹೆಣ್ಣುಮಕ್ಕಳನ್ನು ಒಬ್ಬರು ಬಿಟ್ಟು ಒಬ್ಬರಂತೆ ಎಣಿಸಿ ನೋಡಿ. ದಿನಕ್ಕೆ ಅವರಿಗೆ ಬೇಕೆಂದು ಮಂಡಳಿ ಹೇಳುವುದು 29 ಮಿಲಿಗ್ರಾಂ ಕಬ್ಬಿಣ. ಈಗ ಹೇಳಿದ ಊಟದಲ್ಲಿ ರಾಗಿ, ಹುರುಳಿ, ದಂಟಿನ ಸೊಪ್ಪು ಮೂರೂ ಸೇರಿ ಅದರ ಅರ್ಧದ ಆಸುಪಾಸು ಬರುತ್ತದೆ. ಅದನ್ನು ಉಂಡ ಕೂಡಲೇ ಒಂದು ಲೋಟ ಕಾಫಿಯೋ ಟೀಯೋ ಕುಡಿದರೆ ಅದರಲ್ಲಿ ಮೈಗೆ ಹತ್ತುವ ಪಾಲು ಇನ್ನೂ ಕುಗ್ಗುತ್ತದೆ. ಕುಡಿಯಬೇಡಿ ಎಂದು ಚಿಂತಾಮಣಿಯಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ, ಒಂದು ಗಂಟೆ ತಡೆಯಿರಿ ಎನ್ನುತ್ತೇನೆ. ಇನ್ನೊಂದು ಮಾತು, ರಕ್ತಹೀನತೆ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾದವರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ನುಂಗಲೇಬೇಕು. ‘ಸೊಪ್ಪು ತಿನ್ನುತ್ತಿದ್ದೇನಲ್ಲ’ ಎಂದು ಮಾತ್ರೆ ಬಿಡುವುದು ಸರಿಯಲ್ಲ. ಬಿ 12 ಜೀವಸತ್ವವೂ ಸೊಪ್ಪಿನಲ್ಲಿ ಸಿಗುವುದಿಲ್ಲ. ಮಾಂಸ-ಮೊಟ್ಟೆ ತಿನ್ನದವರು ಹಾಲು, ಮೊಸರು, ಮಜ್ಜಿಗೆಗಳನ್ನು ಕೈಬಿಡಬಾರದು.

ಯಾವ ಸೊಪ್ಪು? ಹೋಟೆಲಿನ ಪಾಲಕ್ ಪನೀರ್ ಬಂದ ಮೇಲೆ ಸೊಪ್ಪೆಂದರೆ ಪಾಲಕ್ ಎಂಬಂತಾಗಿದೆ. ಪಾಲಕ್ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯನ್ನು ನೋಡಿದರೆ ನೂರು ಗ್ರಾಂ ಪಾಲಕ್‌ನಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಂ ಚಿಲ್ಲರೆ, ಮೆಂತ್ಯದಲ್ಲಿ 270ಕ್ಕೂ ಹೆಚ್ಚು, ನುಗ್ಗೆ ಸೊಪ್ಪಿನಲ್ಲಿ 310ರ ಮೇಲೆ, ದಂಟಿನ ಸೊಪ್ಪಿನಲ್ಲಿ 330ರ ಹತ್ತಿರ. ಸಾಲದೆಂಬಂತೆ ಪಾಲಕ್‌ನಲ್ಲಿ ಆಕ್ಸಲೇಟ್ ಹೆಚ್ಚು, ಇರುವ ಕ್ಯಾಲ್ಸಿಯಮನ್ನೂ ಅದು ಕಟ್ಟಿಹಾಕುತ್ತದೆ. ದಂಟಿನಲ್ಲೂ ಆಕ್ಸಲೇಟ್ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೆಂತ್ಯದಲ್ಲಿ ಅದು ಕಡಿಮೆ. ಹಿತ್ತಲಲ್ಲಿ ನುಗ್ಗೆಮರ ನಿಲ್ಲಿಸಿಕೊಂಡು ನುಗ್ಗೆಸೊಪ್ಪಿನ ಪುಡಿಯನ್ನು ಅಂಗಡಿಯಿಂದ ತರುವವರನ್ನು ನಾನು ಕಂಡಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾಗುತ್ತದೆ ಎಂದುಕೊಂಡಿರಲಿಲ್ಲ.

ನಮ್ಮ ಸೀಮೆಯ ನಿಜವಾದ ಸೊಪ್ಪು ಬೆರಕೆ ಸೊಪ್ಪು. ಮಳೆ ಬಿದ್ದು ರಾಗಿ ಮೊಳಕೆಯೊಡೆದ ಮೇಲೆ ಸಾಲಿನ ನಡುವೆ ಅಣ್ಣೆ ಸೊಪ್ಪು ಏಳುತ್ತಿತ್ತು. ಕಳೆ ತೆಗೆಯಲು ಹೋದ ಹೆಂಗಸರು ಅದರ ಎಳೆಯ ಕುಡಿಗಳನ್ನು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದರು. ಬದುವಿನಲ್ಲಿ ಕೀರೆ, ಗಣಿಕೆ, ಗೋಣಿ ಸೊಪ್ಪು, ಕೆರೆಯಂಚಿನ ತೇವದಲ್ಲಿ ಹೊನಗೊನೆ, ಬೇಲಿಯ ಮೇಲೆ ತೊಂಡೆ ಬಳ್ಳಿಯ ಚಿಗುರು. ಒಂದರಲ್ಲಿ ಕಹಿ, ಒಂದರಲ್ಲಿ ಹುಳಿ, ಒಂದರಲ್ಲಿ ಲೋಳೆ. ಎಲ್ಲ ಸೇರಿದಾಗ ಮಾತ್ರ ಬರುವ ರುಚಿಯನ್ನು ಯಾವ ಒಂದು ಸೊಪ್ಪೂ ಕೊಡಲಾರದು. ಇದನ್ನು ತೊಗರಿಬೇಳೆ, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಬೇಯಿಸಿ ಕಡೆಗೋಲಿನಲ್ಲಿ ಮಸೆದರೆ ಮಸ್ಸೊಪ್ಪು. ಮಿಕ್ಸಿಗೆ ಹಾಕಬೇಡಿ, ಎಲೆಯ ನಾರು, ಬೇಳೆಯ ತರಿ ನಾಲಿಗೆಗೆ ಸಿಗಬೇಕು. ಬಣ್ಣ ಮಂಕಾಗುತ್ತದೆ, ಆಗಲಿ. ಮಸ್ಸೊಪ್ಪನ್ನು ಕಣ್ಣಿಗಾಗಿ ಉಂಡವರಿಲ್ಲ.

ಈಗ ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆ ಸೊಪ್ಪು ಎಲ್ಲಿಂದ ಬರಬೇಕು? ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವ ಹೊಲಗಳೂ ಕಡಿಮೆಯಾಗಿವೆ. ಆದರೂ ಮಳೆಗಾಲದಲ್ಲಿ ಸಂತೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ ಬೆರಕೆ ಸೊಪ್ಪು ಮಾರುವ ಅಜ್ಜಿಯರು ಇನ್ನೂ ಇದ್ದಾರೆ. ಹೊನಗೊನೆ ಎಂದರೂ ಕೊಡುತ್ತಾರೆ, ತೆಲುಗಿನಲ್ಲಿ ಪೊನ್ನಗಂಟಿ ಎಂದರೂ ಕೊಡುತ್ತಾರೆ, ನಮ್ಮ ಊರಿನಲ್ಲಿ ಎರಡೂ ಭಾಷೆಗೆ ಸೊಪ್ಪು ಒಂದೇ. ಚಳಿಗಾಲದಲ್ಲಿ ಚಕ್ಕೋತ ಸೊಪ್ಪು, ಸಬ್ಬಸಿಗೆ, ಅವರೆಕಾಳು ಒಟ್ಟಿಗೆ ಮಾರುಕಟ್ಟೆಗೆ ಬರುತ್ತವೆ. ಆ ಎರಡು ತಿಂಗಳು ಯಾರೂ ನನ್ನಂಥವರ ಉಪನ್ಯಾಸ ಕೇಳಬೇಕಾಗಿಲ್ಲ, ಅಡುಗೆ ತಾನಾಗಿ ನಡೆಯುತ್ತದೆ. ಚಕ್ಕೋತವನ್ನು ಹಸಿ ಅವರೆಕಾಳಿನ ಜೊತೆ ಬೇಯಿಸಿದರೆ ಬೇಳೆಯೂ ಬೇಡ.

ಆದರೆ ಬೆರಕೆ ಸೊಪ್ಪನ್ನು ಸ್ವತಃ ಕೀಳಲು ಹೊರಟರೆ ಎಚ್ಚರ ಬೇಕು. ಗುರುತು ಬಲ್ಲವರ ಜೊತೆಗೇ ಹೋಗಿ. ಸೊಪ್ಪಿನ ನಡುವೆ ಉಮ್ಮತ್ತಿಯ ಎಳೆಯ ಎಲೆ ಸೇರಿಕೊಂಡರೆ ವಿಷ. ಬಾಯಿ ಒಣಗಿ, ಕಣ್ಣು ಮಂಜಾಗಿ, ಮಾತು ತೊದಲಿ ಆಸ್ಪತ್ರೆ ಸೇರಬೇಕಾಗುತ್ತದೆ. ರಸ್ತೆಬದಿಯದು, ಚರಂಡಿ ಬದಿಯದು, ಔಷಧಿ ಹೊಡೆದ ತೋಟದ ಬದುವಿನದು ಬೇಡವೇ ಬೇಡ.

ಕೆರೆಗೆ ಬಿಡುವ ಸಂಸ್ಕರಿಸಿದ ನೀರಿನಲ್ಲಿ ಬೆಳೆದ ಸೊಪ್ಪನ್ನು ತಿನ್ನಬಹುದೇ ಎಂದು ಕೆಲವರು ನನಗೆ ಚೀಟಿಯಲ್ಲಿ ಬರೆದು ಕೇಳಿದ್ದಾರೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ), ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಕೋಲಾರಕ್ಕೆ ಅದು 2018ರಲ್ಲಿ ಬಂತು. ಮೂರನೇ ಹಂತದ ಸಂಸ್ಕರಣೆಯೂ ಬೇಕು ಎಂದು ನಮ್ಮವರು ಕೇಳುತ್ತಲೇ ಇದ್ದಾರೆ, ಅದು ನ್ಯಾಯವಾದ ಬೇಡಿಕೆ ಎಂಬುದು ನನ್ನ ಅಭಿಪ್ರಾಯ. ಅಡುಗೆಮನೆಯಲ್ಲಿ ನಾವು ಮಾಡಬಹುದಾದದ್ದು ಇಷ್ಟು. ಚೆನ್ನಾಗಿ ತೊಳೆದು ಬೇಯಿಸಿದರೆ ಮಣ್ಣು, ರೋಗಾಣು ಹೋಗುತ್ತವೆ. ನೀರಿನಲ್ಲಿ ಭಾರಲೋಹ ಇದ್ದರೆ ಅದು ಬೇಯಿಸಿದರೂ ಹೋಗುವುದಿಲ್ಲ. ಅದನ್ನು ಪರೀಕ್ಷಿಸಿ ಜನರಿಗೆ ಹೇಳುವ ಹೊಣೆ ಸರ್ಕಾರದ್ದು. ಅದನ್ನೂ ತಾಯಂದಿರ ಸೌಟಿನ ಮೇಲೆ ಹೊರಿಸಬಾರದು.

ತೊಳೆಯುವ ಕ್ರಮ ಒಂದನ್ನು ಹೇಳಿಬಿಡುತ್ತೇನೆ, ಏಕೆಂದರೆ ಹಲ್ಲಿಗೆ ಒಂದು ಸಲ ಮರಳು ಸಿಕ್ಕಿದರೆ ಆ ಮಗು ಆರು ತಿಂಗಳು ಸೊಪ್ಪು ಮುಟ್ಟುವುದಿಲ್ಲ. ಹೆಚ್ಚುವ ಮೊದಲೇ ತೊಳೆಯಿರಿ. ಅಗಲವಾದ ಪಾತ್ರೆಯಲ್ಲಿ ತುಂಬ ನೀರು ಹಾಕಿ, ಸೊಪ್ಪನ್ನು ಮುಳುಗಿಸಿ, ಕೈಯಾಡಿಸಿ, ಎರಡು ನಿಮಿಷ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ. ಈಗ ನೀರನ್ನು ಬಗ್ಗಿಸಿದರೆ ತಳದ ಮರಳು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಸೊಪ್ಪನ್ನು ಎರಡೂ ಕೈಯಲ್ಲಿ ಮೇಲೆತ್ತಿ ಬೇರೆ ಪಾತ್ರೆಗೆ ಹಾಕಿ, ಆಮೇಲೆ ನೀರು ಚೆಲ್ಲಿ. ತಳದಲ್ಲಿ ಬೆರಳಾಡಿಸಿದಾಗ ಏನೂ ಸಿಗದಿರುವವರೆಗೆ ಹೀಗೆ ಮಾಡಿ.

ಇನ್ನು ಸೋಸುವ ಕೆಲಸ. ಒಂದು ಕಟ್ಟು ಮೆಂತ್ಯವನ್ನು ಸೋಸಲು ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬೆರಕೆ ಸೊಪ್ಪಾದರೆ ಗಂಟೆ. ಬೆಳಗ್ಗೆ ಐದಕ್ಕೆ ಎದ್ದು, ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ‘ದಿನವೂ ನೂರು ಗ್ರಾಂ ಸೊಪ್ಪು’ ಎಂದು ಉಪದೇಶ ಮಾಡುವವರು ಆ ಒಂದು ಗಂಟೆ ಎಲ್ಲಿಂದ ಬರಬೇಕು ಎಂದೂ ಹೇಳಬೇಕು. ನಾನು ಹೇಳುತ್ತೇನೆ: ರಾತ್ರಿ ಟಿವಿಯಲ್ಲಿ ಕ್ರಿಕೆಟ್ ನೋಡುವವರ ಕೈಗಳು ಖಾಲಿ ಇರುತ್ತವೆ. ಅವರ ಮುಂದೆ ಒಂದು ಮೊರ, ಒಂದು ಕಟ್ಟು ಸೊಪ್ಪು ಇಡಿ. ಕಣ್ಣು ಆಟದ ಮೇಲಿದ್ದರೂ ಕೈ ಕೆಲಸ ಮಾಡುತ್ತದೆ. ಹಿಂದಿನ ಸಾಲಿನವರು ನಗುತ್ತಿದ್ದೀರಿ, ಸಂತೋಷ. ಸೋಸಿದ ಸೊಪ್ಪನ್ನು ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬಾಡುವುದಿಲ್ಲ. ನುಗ್ಗೆ ಸೊಪ್ಪಿಗಂತೂ ಕೈಯೇ ಬೇಡ. ಸಂಜೆ ರೆಂಬೆಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡಿ, ಬೆಳಗ್ಗೆ ಕೊಡವಿದರೆ ಎಲೆಗಳು ತಾವಾಗಿ ಉದುರುತ್ತವೆ. ಅದನ್ನು ರಾಗಿಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿಯ ಜೊತೆ ಕಲಸಿ ತಟ್ಟಿದರೆ ರೊಟ್ಟಿ, ಡಬ್ಬಿಗೂ ಆಯಿತು.

ನನ್ನ ಮಾತು ಸಾಕು. ನೀವು ಕೇಳಿ.

ಮೊದಲು ಕೇಳಿದವರು ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ. ‘ರಾತ್ರಿ ಹೊತ್ತು ಸೊಪ್ಪು ತಿನ್ನಬಾರದು ಎನ್ನುತ್ತಾರಲ್ಲಮ್ಮ, ನಮ್ಮತ್ತೆ ಮಾಡಲು ಬಿಡುತ್ತಲೇ ಇರಲಿಲ್ಲ, ನಿಜವೇ?’

ಅಜ್ಜಿ, ನಿಮ್ಮ ಅತ್ತೆಯ ಕಾಲದಲ್ಲಿ ಬುಡ್ಡಿ ದೀಪದ ಬೆಳಕು. ಆ ಬೆಳಕಿನಲ್ಲಿ ಎಲೆಯ ಹಿಂದಿನ ಹುಳು ಕಾಣುತ್ತಿರಲಿಲ್ಲ. ಅದೂ ಒಂದು ಕಾರಣವಿರಬೇಕು ಎಂಬುದು ನನ್ನ ಊಹೆ. ನಾರು ಹೆಚ್ಚಿರುವ ಊಟ ಮಾಡಿ ಕೂಡಲೇ ಮಲಗಿದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಅದೂ ನಿಜ. ನಿಮಗೆ ಆಗದಿದ್ದರೆ ಬೇಡ. ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಬಿಸಿಯಾಗಿ ಉಣ್ಣುವುದು ರಾತ್ರಿಯೇ ಎಂದಾದರೆ, ಮಲಗುವುದಕ್ಕೆ ಎರಡು ಗಂಟೆ ಮೊದಲು ಉಂಡು ಮುಗಿಸಿ. ವಿದ್ಯುತ್ ದೀಪ ಇದೆ, ಹುಳು ಕಾಣುತ್ತದೆ.

ಒಬ್ಬ ತಂದೆ ಕೇಳಿದರು: ‘ನನಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಸೊಪ್ಪು ಪೂರ್ತಿ ಬಿಡಬೇಕೆ?’

ಕಲ್ಲು ಯಾವ ಬಗೆಯದು ಎಂದು ನಿಮ್ಮ ವೈದ್ಯರನ್ನು ಕೇಳಿ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಾಗಿದ್ದರೆ ಪಾಲಕ್, ದಂಟು ಕಡಿಮೆ ಮಾಡಲು ಹೇಳಬಹುದು. ಬೇಯಿಸಿದಾಗ ಆಕ್ಸಲೇಟಿನ ಒಂದು ಪಾಲು ನೀರಿಗೆ ಇಳಿಯುತ್ತದೆ, ಹಾಗಾಗಿ ಬಸಿದ ನೀರನ್ನು ಚೆಲ್ಲಬೇಡಿ ಎಂದು ಈವರೆಗೆ ನಾನು ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ನಿಮಗೆ ಮೆಂತ್ಯದಂಥದು ಮೇಲು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರೂ ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರಲ್ಲಿರುವ ಕೆ ಜೀವಸತ್ವ ಆ ಮಾತ್ರೆಗೆ ಎದುರಾಗುತ್ತದೆ. ವೈದ್ಯರಿಗೆ ಹೇಳಿಯೇ ಮಾಡಿ.

‘ನಮ್ಮ ಮಗಳಿಗೆ ಮೆಂತ್ಯದ ಕಹಿ ಆಗುವುದಿಲ್ಲ’ ಎಂದರು ಇನ್ನೊಬ್ಬ ತಾಯಿ. ಉಪ್ಪಿನಲ್ಲಿ ಕಿವುಚಿ ಹಿಂಡಿದರೆ ಕಹಿ ಹೋಗುತ್ತದೆ ಎನ್ನುತ್ತಾರೆ. ಕಹಿಯ ಜೊತೆ ಒಳ್ಳೆಯದೂ ಹೋಗುತ್ತದೆ. ಎಣ್ಣೆಯಲ್ಲಿ ಬಾಡಿಸಿದರೆ ಕಹಿ ತಗ್ಗುತ್ತದೆ. ತೊಗರಿಬೇಳೆ, ಟೊಮೆಟೊ, ಚೂರು ಬೆಲ್ಲ ಸೇರಿಸಿ ಹುಳಿ ಮಾಡಿ. ಅದಕ್ಕೂ ಒಪ್ಪದಿದ್ದರೆ ಬಿಡಿ, ಸಬ್ಬಸಿಗೆ ಇದೆ. ಒಂದು ಸೊಪ್ಪಿಗಾಗಿ ಮಗುವಿನ ಜೊತೆ ಜಗಳ ಏಕೆ?

ಕೊನೆಯಲ್ಲಿ ಎದ್ದವನು ಒಬ್ಬ ಹುಡುಗ, ತಂಗಿಯ ಪೋಷಕನಾಗಿ ಬಂದವನು. ‘ಮೇಡಂ, ನಾನು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡಿದ್ದೇನೆ. ಒಂದು ಸಣ್ಣ ಕುಕ್ಕರ್, ಒಂದು ಇಂಡಕ್ಷನ್ ಒಲೆ. ರಾತ್ರಿ ಎಂಟೂವರೆಗೆ ಬರುತ್ತೇನೆ. ಬಸ್ಸಾರು ನನ್ನಿಂದ ಆಗುವ ಮಾತಲ್ಲ.’

ಬೇಡಪ್ಪ, ನಿನಗೆ ಬಸ್ಸಾರು ಬೇಡ. ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ತೊಳೆದಿಡು. ಕುಕ್ಕರಿನಲ್ಲಿ ಎರಡು ಚಮಚ ಕಡಲೆಕಾಯಿ ಎಣ್ಣೆ, ಜೀರಿಗೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಸೀಳಿದ ಎರಡು ಹಸಿಮೆಣಸಿನಕಾಯಿ, ಒಂದು ಟೊಮೆಟೊ. ಅದು ಮೆತ್ತಗಾದ ಮೇಲೆ ಹೆಚ್ಚಿದ ಒಂದು ಕಟ್ಟು ಸೊಪ್ಪು, ಯಾವುದು ಸಿಕ್ಕಿದರೆ ಅದು. ಸೊಪ್ಪು ಬಾಡಿತು ಎಂದಾಗ ಅಕ್ಕಿ-ಬೇಳೆ, ಚಿಟಿಕೆ ಅರಿಸಿನ, ಉಪ್ಪು, ನಾಲ್ಕೂವರೆ ಲೋಟ ನೀರು. ಮೂರು ವಿಷಲ್. ಮುಚ್ಚಳ ಮುಚ್ಚಿದ್ದರಿಂದ ಬಣ್ಣ ಮಂಕಾಗುತ್ತದೆ, ನಿನ್ನ ರೂಮಿನಲ್ಲಿ ಅದನ್ನು ಕೇಳುವವರು ಯಾರೂ ಇಲ್ಲ. ತಟ್ಟೆಗೆ ಹಾಕಿಕೊಂಡು ನಿಂಬೆಹಣ್ಣು ಹಿಂಡಿಕೋ, ಪಕ್ಕದಲ್ಲಿ ಮೊಸರು ಇಟ್ಟುಕೋ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಸ್ವಲ್ಪ ಬಿಸಿನೀರು ಬೆರೆಸಿ ಕುದಿಸು. ಫ್ರಿಜ್ ಇಲ್ಲದಿದ್ದರೆ ಅಳತೆಯನ್ನು ಅರ್ಧ ಮಾಡಿಕೋ.